ಮೀಟರಿನ ಗಾಜಿನೊಳಗೆ ಬಿಡಾರ ಹೂಡಿದ ಹಬೆ ಮಹಾಶಯರಿಗೆ

ಗೋಕಾಕ,
೧೯೩೮ನೆಯ ಇಸವಿ, ಶ್ರಾವಣದ ಎರಡನೆಯ ಮಂಗಳವಾರ.

ಮಾನ್ಯರೇ,

ತಮ್ಮ ತಂಪಾದ ಸನ್ನಿಧಿಗೆ ಗೋಕಾಕದ ಹೊಲಿಗೆ ಮಷಿನ್ ರಿಪೇರಿಯ ಶೆಟ್ಟೆಪ್ಪನು, ಕೈಗೆ ಹತ್ತಿದ ಎಣ್ಣೆಯನ್ನು ಮೊದಲು ಧೋತರಕ್ಕೆ ಒರೆಸಿಕೊಂಡು, ಆಮೇಲೆ ಎರಡೂ ಕೈ ಜೋಡಿಸಿ ಮಾಡುವ ಅನಂತ ನಮಸ್ಕಾರಗಳು. ತಾವು ಸುಖವಾಗಿದ್ದೀರಾ ಎಂದು ಕೇಳುವುದು ಪತ್ರದ ರೂಢಿ; ಆದರೆ ನನ್ನ ಫಟಫಟಿ ಮೋಟಾರ್ ಸೈಕಲ್ಲಿನ ವೇಗ ತೋರಿಸುವ ಮೀಟರಿನಲ್ಲಿ, ಗಾಜಿನ ಹಿಂದೆ, ತಾವು ಹನಿಹನಿಯಾಗಿ ಮೈತುಂಬಿಕೊಂಡು ಹಾಸಿಗೆ ಹಾಸಿ ಮಲಗಿರುವುದು ದಿನ ಬೆಳಗಾದರೆ ನನ್ನ ಕಣ್ಣಿಗೇ ಕಾಣುತ್ತಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ನನ್ನ ಸುಖದುಃಖವನ್ನು ತಾವಾಗಿ ಕೇಳುವವರಲ್ಲ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ: ನನ್ನ ಹೆಂಡತಿ ಕಾಶೆವ್ವ ತವರುಮನೆ ಯಮಕನಮರಡಿಗೆ ಹೋಗಿ ಇಂದಿಗೆ ಇಪ್ಪತ್ತೆರಡು ದಿನವಾಯಿತು. ಹೋದದ್ದು ತಮ್ಮ ಸಲುವಾಗಿ. ಬಾರದೆ ಇರುವುದೂ ತಮ್ಮ ಸಲುವಾಗಿಯೇ. ನನ್ನ ತಕರಾರು ಇಷ್ಟೇ. ಕೆಳಗಿನದೆಲ್ಲ ಅದರ ವಿವರ.

ಪತ್ರ ತಮ್ಮ ಹೆಸರಿಗಿದ್ದರೂ ಇದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳ ಮೋಟಾರ್ ಸ್ಟ್ಯಾಂಡಿನ ಗೋಡೆಗೆ ಹಚ್ಚಬೇಕೆಂದು ಅಪ್ಪಣೆಯಾಗಿದೆ. ಯಾರ ಅಪ್ಪಣೆ, ಯಾತಕ್ಕಾಗಿ ಎಂಬುದನ್ನು ಮುಂದೆ ಬರೆಯುತ್ತೇನೆ, ಈಗಲೇ ಬರೆಯಲು ಕೈ ಏಳುತ್ತಿಲ್ಲ. ಮೋಟಾರಿಗೆ ಕಾಯುತ್ತ ನಿಂತು ಇದನ್ನು ಓದುವ ಹಿರಿಯರೂ ತಾಯಂದಿರೂ ನನ್ನನ್ನು ನೋಡಿ ನಗುವ ಮೊದಲು ಪೂರ್ತಿ ಓದಬೇಕೆಂದು ಅವರಲ್ಲಿಯೂ ವಿನಂತಿ.

ಮೊದಲು ತಮ್ಮ ಚಾತುರ್ಯವನ್ನು ಹೊಗಳಲೇಬೇಕು. ಘಟಪ್ರಭೆ ನಮ್ಮೂರ ಹತ್ತಿರ ಅಷ್ಟೆತ್ತರದಿಂದ ಧುಮುಕಿ ಸುತ್ತಲೂ ತುಂತುರು ಎರಚುತ್ತಾಳೆ. ತಾವು ಬಯಸಿದ್ದರೆ ಆ ಬಂಡೆಗಳ ಮೇಲೆ ಅರಸರ ಹಾಗೆ ಇರಬಹುದಿತ್ತು. ಮೂಡಲಗಿಯ ಕಡೆ ಹೋಗಿದ್ದರೆ ಹತ್ತಿ ಬಿತ್ತಿದವರು ಆರತಿ ಎತ್ತಿ ಕರೆದುಕೊಳ್ಳುತ್ತಿದ್ದರು. ಅದೆಲ್ಲವನ್ನೂ ಬಿಟ್ಟು, ಚಹದ ಬಸಿಗಿಂತಲೂ ಸಣ್ಣದಾದ, ಬಾಗಿಲಿಲ್ಲದ, ಕಿಟಕಿಯಿಲ್ಲದ, ಬಾಡಿಗೆ ಕೇಳುವವರೂ ಇಲ್ಲದ ಒಂದು ಹಿತ್ತಾಳೆಯ ಡಬ್ಬಿಯನ್ನು ಹುಡುಕಿ ಒಳಗೆ ಸೇರಿದಿರಲ್ಲ, ಎಂಥ ಸರಳ ಜೀವನ, ಎಂಥ ವೈರಾಗ್ಯ! ವಿಲಾಯತಿಯಲ್ಲಿ ಈ ಮೀಟರ್ ಮಾಡಿದವರು ಇದರೊಳಗೆ ಗಾಳಿಯೂ ಹೋಗದು ಎಂದು ಬರೆದಿದ್ದರು. ಅವರಿಗೆ ತಮ್ಮ ಪರಿಚಯ ಇರಲಿಲ್ಲವೆಂದು ಕಾಣುತ್ತದೆ.

ಈ ಫಟಫಟಿಯನ್ನು ನಾನು ಐದು ವರ್ಷದ ಹಿಂದೆ, ಊರು ಬಿಟ್ಟು ಹೊರಟಿದ್ದ ಒಬ್ಬ ಸಾಹೇಬರಿಂದ ಕೊಂಡೆ. ಮುಂದೆ ನಾನು, ಹಿಂದೆ ಕಾಶೆವ್ವ, ಆಕೆಯ ಹಿಂದೆ ಕಟ್ಟಿದ ರಿಪೇರಿ ಹತ್ಯಾರದ ಪೆಟ್ಟಿಗೆ, ಹೀಗೆ ನಾವು ವಾರಕ್ಕೆ ನಾಲ್ಕು ದಿನ ಊರೂರು ತಿರುಗುತ್ತೇವೆ, ಅಲ್ಲ, ತಿರುಗುತ್ತಿದ್ದೆವು. ಯಾರ ಮನೆಯಲ್ಲಿ ಹೊಲಿಗೆ ಮಷಿನ್ ಕೆಟ್ಟಿದೆಯೋ ಅವರ ಅಂಗಳದಲ್ಲಿ ಕೂತು ನಾನು ಮಷಿನ್ ಬಿಚ್ಚುವುದು, ಆಕೆ ಪಡಸಾಲೆಯಲ್ಲಿ ಕೂತು ಓಣಿಯ ಹೆಂಗಸರಿಗೆ ಕುಬಸ ಕತ್ತರಿಸುವುದನ್ನು ತೋರಿಸಿಕೊಡುವುದು. ಮಷಿನ್ ಕೆಟ್ಟದ್ದರಿಂದ ನಮ್ಮನ್ನು ಕರೆಯುತ್ತಾರೆಂದು ನಾನು ತಿಳಿದಿದ್ದೆ. ಕಾಶೆವ್ವ ಬರಲೆಂದು ಎಷ್ಟೋ ಮನೆಯವರು ಬೇಕಂತಲೇ ಮಷಿನ್ ಕೆಡಿಸಿಕೊಳ್ಳುತ್ತಿದ್ದರೆಂಬುದು ಈ ಇಪ್ಪತ್ತೆರಡು ದಿನಗಳಲ್ಲಿ ತಿಳಿಯಿತು.

ಇನ್ನು ಆಕೆಗೂ ಮೀಟರಿಗೂ ಏನು ಸಂಬಂಧವೆಂಬುದನ್ನು ಹೇಳಬೇಕು. ಆಕೆಯ ತಂದೆ ವೀರಪ್ಪನವರು ಯಮಕನಮರಡಿಯಿಂದ ಗೋಕಾಕಕ್ಕೆ ಒಂದು ಪ್ಯಾಸೆಂಜರ್ ಮೋಟಾರ್ ಓಡಿಸುತ್ತಾರೆ. ನಮ್ಮ ಮದುವೆಗೆ ಎರಡು ವರ್ಷ ಮೊದಲು, ಅವರಲ್ಲಿ ಕೆಲಸಕ್ಕಿದ್ದ ಒಬ್ಬ ಡ್ರೈವರ್ ಹತ್ತರಗಿಯ ತಿರುವಿನಲ್ಲಿ ಆ ಮೋಟಾರನ್ನು ಹೊಲಕ್ಕೆ ಉರುಳಿಸಿ ಕಾಶೆವ್ವನ ಅಣ್ಣ ರಾಜಪ್ಪನ ಕಾಲು ಮುರಿದ. ರಾಜಪ್ಪ ಇಂದಿಗೂ ಕುಂಟುತ್ತಾನೆ. ಉರುಳುವ ಮೊದಲು, ಹಿಂದೆ ಕೂತಿದ್ದ ಕಾಶೆವ್ವ ಎರಡು ಸಲ "ಸಾವಕಾಶ ಹೊಡೀರಿ" ಎಂದಿದ್ದಳಂತೆ. ಅವನು ಎರಡು ಸಲವೂ "ಸಾವಕಾಶನ ಹೊಂಟೇನಿ, ತಂಗಿ" ಎಂದಿದ್ದನಂತೆ. ಅಂದಿನಿಂದ ಆಕೆ ಗಾಡಿ ನಡೆಸುವವರ ಬಾಯಿಯನ್ನು ನಂಬುವುದನ್ನೇ ಬಿಟ್ಟಳು. ಮೀಟರಿನ ಮುಳ್ಳನ್ನಷ್ಟೇ ನಂಬಿದಳು, ಅದನ್ನು ಓದಲೆಂದೇ ಅಣ್ಣನಿಂದ ಇಂಗ್ರೇಜಿ ಅಂಕಿ ಕಲಿತಳು. ಮದುವೆಯ ಮಾತುಕತೆಯಲ್ಲಿ ಆಕೆ ನನ್ನನ್ನು ಕೇಳಿದ್ದು ಒಂದೇ ಒಂದು: "ನಾ ಹಿಂದ ಕೂತಾಗ ಮುಳ್ಳು ಇಪ್ಪತ್ತೈದು ದಾಟಬಾರದ್ರಿ." ನಾನು ಹೂಂ ಎಂದೆ. ಕನ್ಯೆ ನೋಡಲು ಹೋದ ಗಂಡು ಯಾವುದಕ್ಕೆ ಹೂಂ ಎನ್ನುವುದಿಲ್ಲ ಹೇಳಿ.

ಮೂರು ವರ್ಷ ಆಕೆ ನನ್ನ ಹೆಗಲ ಮೇಲಿಂದ ಇಣುಕಿ ಆ ಮುಳ್ಳನ್ನು ಕಾದಳು. ಇಪ್ಪತ್ತಾರಾದರೆ ಹೆಗಲು ಚಿವುಟುವುದು, ಇಪ್ಪತ್ತೆಂಟಾದರೆ ತಿರುವಿ ಚಿವುಟುವುದು. ಚಕ್ಕಡಿಗಳು ನನ್ನನ್ನು ಹಿಂದೆ ಹಾಕದಿದ್ದದ್ದು ಎತ್ತುಗಳ ದೊಡ್ಡತನ. ಇಂಥ ಸುಖಸಂಸಾರದ ನಡುವೆ, ಮುಂಗಾರಿನ ಮಿರಗದ ಮಳೆ ಹಿಡಿದ ಮೂರನೆಯ ದಿನ, ತಾವು ದಯಮಾಡಿಸಿದಿರಿ.

ಮೊದಲ ದಿನ ಗಾಜಿನ ಅಂಚಿನಲ್ಲಿ ಉಗುರಿನಷ್ಟು ಮಬ್ಬು, ಸಂಜೆಯ ಹೊತ್ತಿಗೆ ಅರ್ಧ ಗಾಜು; ಮರುದಿನ ಎದ್ದು ನೋಡಿದರೆ ಮುಳ್ಳೂ ಇಲ್ಲ, ಅಂಕಿಯೂ ಇಲ್ಲ, ಎಲ್ಲಿ ನೋಡಿದರಲ್ಲಿ ತಾವೇ. ನಾನು ಹೊರಗಿನಿಂದ ಒರೆಸಿದೆ, ತಾವು ಒಳಗೆ ಕೂತು ನಕ್ಕಿರಬೇಕು. ಕಾಶೆವ್ವ ಸೆರಗಿನಿಂದ ಒರೆಸಿದಳು, ಬೆರಳಿನಿಂದ ತಟ್ಟಿದಳು, ಆಮೇಲೆ ನನ್ನ ಮುಖ ನೋಡಿ, "ಇದನ್ನ ನೀವೇನರ ಬಿಚ್ಚಿದ್ರೇನ್ರಿ?" ಎಂದಳು. ನಾನು ಪೆಟ್ಟಿಗೆಯಿಂದ ಇಕ್ಕಳ ತೆಗೆದು ಕಣ್ಣಿಗೊತ್ತಿಕೊಂಡು, ಈ ಹತ್ಯಾರದ ಆಣೆಗೂ ಬಿಚ್ಚಿಲ್ಲ ಎಂದೆ. "ಹಂಗಾರ ಮುಳ್ಳು ಕಾಣೂತನಾ ನಾ ಹತ್ತೂದಿಲ್ರಿ," ಎಂದು ಆಕೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಆ ಆಣೆಯನ್ನು ತಾವೂ ಒಳಗಿನಿಂದ ಕೇಳಿಸಿಕೊಂಡಿರಿ, ಆದರೂ ಬಾಯಿ ಬಿಡಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ತಮ್ಮನ್ನು ಮರ್ಯಾದೆಯಿಂದ ಬೀಳ್ಕೊಡಲು ನಾನು ಪಟ್ಟ ಪಾಡು ಒಂದೆರಡಲ್ಲ. ಮೊದಲು ಬಿಸಿಲಿಗೆ ಇಟ್ಟೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ತಾವು ನಿಜವಾಗಿಯೂ ಎದ್ದು ಹೋದಿರಿ, ಗಾಜು ಫಳಫಳ ಎಂದಿತು, ನಾನು ಓಣಿ ಕೇಳುವ ಹಾಗೆ ಕೂಗಿ ಕಾಶೆವ್ವನನ್ನು ಕರೆದೆ. ಆಕೆ ಬಂದು, ನೋಡಿ, ಚೀಲ ತಗೊಂಡು ಹಿಂದೆ ಕೂತಳು. ಊರು ದಾಟಿ ಎರಡು ಮೈಲಿಗೆ ನಾಲ್ಕು ಹನಿ ಮಳೆ ಬಿತ್ತು, ಗಾಜಿಗೆ ತಂಪು ಹತ್ತಿತು, ತಾವು ಎಲ್ಲಿ ಅಡಗಿದ್ದಿರೋ ಏನೋ, ಇದ್ದವರು ಇದ್ದಲ್ಲಿಯೇ ಹಾಜರಾದಿರಿ. ಕಾಶೆವ್ವ ಹೆಗಲು ತಟ್ಟಿ ನಿಲ್ಲಿಸಿ, ಇಳಿದು, ಗೋಕಾಕದ ಕಡೆ ಹೊರಟಿದ್ದ ಹುಲ್ಲಿನ ಚಕ್ಕಡಿಯೊಂದನ್ನು ಹತ್ತಿದಳು. ನಾನು ಫಟಫಟಿಯ ಮೇಲೆ ಒಬ್ಬನೇ, ಆ ಚಕ್ಕಡಿಯ ಹಿಂದಿಂದೆ, ಎರಡು ಮೈಲು ಮನೆಗೆ ಬಂದೆ. ದಾರಿಯಲ್ಲಿ ಎದುರಾದವರೆಲ್ಲ ಹುಲ್ಲಿನ ಮೇಲೆ ಕೂತ ಆಕೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಆಮೇಲೆ ಮುಗಿಲು ನೋಡಿದರು.

ಆಮೇಲೆ ಮೇಲವಂಕಿಯ ಕೆಂಚಪ್ಪನವರ ಹಗೇವು. ತಾವು ವಿಲಾಯತಿ ಮೀಟರಿನ ನಿವಾಸಿಗಳು, ಹಗೇವು ತಮಗೆ ಗೊತ್ತಿರಲಿಕ್ಕಿಲ್ಲ: ನೆಲದಲ್ಲಿ ಆಳವಾಗಿ ತೋಡಿ, ಹೊಟ್ಟೆಯೊಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಅಷ್ಟು ದಿನ ಜೋಳವೇ ಕೆಡದ ಜಾಗದಲ್ಲಿ ಮೀಟರ್ ಒಣಗದೆ ಇದ್ದೀತೇ ಎಂಬುದು ನನ್ನ ಲೆಕ್ಕಾಚಾರ. ಕೆಂಚಪ್ಪನವರು ಮನೆಖರ್ಚಿಗೆ ಹಗೇವು ತೆಗೆದ ದಿನ ಕೈಕಾಲು ಬಿದ್ದು, ಮೀಟರನ್ನು ಅರಿವೆಯಲ್ಲಿ ಕಟ್ಟಿ ಹಗ್ಗದಿಂದ ಒಳಗಿಳಿಸಿದೆ. ಅವರು ಕಲ್ಲು ಮುಚ್ಚಿ, ಎಂಟು ದಿನ ತೆಗೆಯುವುದಿಲ್ಲ ಎಂದರು. ಎಂಟು ದಿನದ ಮೇಲೆ ತೆಗೆದರೆ ಒಳಗಿಂದ ಹೊರಟ ಕಾವಿಗೆ ನಮ್ಮಿಬ್ಬರ ಮುಖ ಬೆವೆತವು, ಮೀಟರ್ ಸ್ನಾನ ಮಾಡಿ ಎದ್ದು ಬಂತು. ಆ ಜೋಳದ ಉಸಿರೆಲ್ಲ ತಮಗೆ ಆಹಾರವಾಗಿ ತಾವು ದುಪ್ಪಟ್ಟಾಗಿದ್ದಿರಿ. ಕೆಂಚಪ್ಪನವರು ಮಾತ್ರ ನನ್ನ ಕಡೆ ಕಣ್ಣು ಬಿಟ್ಟು, "ನಮ್ಮ ಜ್ವಾಳಕ್ಕ ನಿಮ್ಮ ಫಟಫಟಿ ನೀರು ಹತ್ತಿ ಬೂಸ್ಟ ಹಿಡೀತಂದ್ರ ನಿಮ್ಮನ್ನ ಅದರಾಗ ಇಳಸಿ ಕಲ್ಲ ಮುಚ್ಚತೇನಿ ನೋಡ್ರಿ," ಎಂದರು.

ಆಮೇಲೆ ನೆರೆಮನೆಯ ಯಲ್ಲಕ್ಕಜ್ಜಿ ಎಲೆ ಅಡಕೆ ಮೆಲ್ಲುತ್ತ, "ನೀರ ಕುಡಿಯೂದಂದ್ರ ಸುಣ್ಣದ ಕಲ್ಲು ನೋಡಪಾ," ಎಂದು ಸಲಹೆ ಕೊಟ್ಟಳು. ಸುಡುವ ಸುಣ್ಣದ ಹರಳುಗಳ ನಡುವೆ ಮೀಟರನ್ನು ಇಟ್ಟು ಡಬ್ಬಿ ಮುಚ್ಚಿದೆ. ಖರೆ ಹೇಳುತ್ತೇನೆ, ಎರಡೇ ದಿನದಲ್ಲಿ ತಾವು ಪೂರ್ತಿ ಮಾಯವಾದಿರಿ. ಆದರೆ ತಾವು ಹೋದ ದಾರಿಯಲ್ಲೇ ಸುಣ್ಣದ ಪುಡಿ ಒಳಗೆ ಹೋಗಿ, ಮುಳ್ಳಿಗೂ ಅಂಕಿಗೂ ವಿಭೂತಿ ಬಳಿಯಿತು. ಮುಂದಿನ ಮಳೆಗೆ ತಾವು ತಿರುಗಿ ಬಂದು ಆ ಪುಡಿಯನ್ನು ನಾದಿ ಗಾಜಿಗೆ ಒಳಗಿನಿಂದ ಸುಣ್ಣ ಹಚ್ಚಿದಿರಿ. ಹೋಗಲು ದಾರಿಯಿದ್ದರೆ ಬರಲೂ ದಾರಿಯಿದೆ ಎಂಬ ಮಾತು ನನಗೆ ಹೊಳೆಯಲಿಲ್ಲ, ಹೊಳೆದಿದ್ದರೂ ಹೇಳುವ ಹಾಗಿರಲಿಲ್ಲ. ಕಾಶೆವ್ವನಿಗೆ ಹೊಳೆಯಿತು. "ನಿಮ್ಮ ಔಷಧ ಸಾಕ್ರಿ, ಕಲ್ಲಪ್ಪನ ಕಡೆ ಹೋಗೂಣು," ಎಂದಳು.

ಕಲ್ಲಪ್ಪ ನಮ್ಮ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವ. ಹೋಗುವುದು ಬೇಡವೆನ್ನಲು ನಾನು ತಲೆನೋವು, ಹೊಟ್ಟೆನೋವು, ಅಮಾವಾಸ್ಯೆ ಎಲ್ಲವನ್ನೂ ಹೇಳಿದೆ. ಆಕೆ ಮೀಟರನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದೆ ನಡೆದಳು, ನಾನು ಹಿಂದೆ ನಡೆದೆ. ಕಲ್ಲಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಾಜಿನ ಸುತ್ತಲಿನ ಕಟ್ಟನ್ನು ಬಿಚ್ಚಿ, "ಅಯ್ಯ ಶಿವನ!" ಎಂದ. "ರಬ್ಬರಿನ ಬಳೆ ಇರೂ ಜಾಗಾದಾಗ ದಾರ ಸುತ್ಯಾರಲ್ರಿ ಯಾರೋ! ದೀಪದ ಬತ್ತಿ ಎಣ್ಣಿ ಎಳದಂಗ ಈ ದಾರ ಮಳಿನೀರ ಒಳಗ ಎಳಕೊಂಡೈತಿ. ಯಾವ ಮಬ್ಬ ಮಾಡ್ಯಾನ್ರಿ ಇದನ್ನ?" ಮಬ್ಬ ನಾನೇ ಎದುರಿಗೆ ನಿಂತಿದ್ದೆ. ಕಲ್ಲಪ್ಪ ದಾರದ ತುದಿ ಹಿಡಿದು ಎಳೆಯತೊಡಗಿದ: ಒಂದು ಗೇಣು, ಒಂದು ಮೊಳ, ಒಂದು ಮಾರು, ಮುಗಿಯಲೊಲ್ಲದು. ತೊಯ್ದ, ಗಿಣಿಹಸಿರು ಬಣ್ಣದ ದಾರ. ಕಾಶೆವ್ವ ಅದನ್ನು ಬೆರಳಿಗೆ ಸುತ್ತಿ ನೋಡಿ, "ಇದು ಹುಕ್ಕೇರಿ ಸುಂದ್ರವ್ವನ ಕುಬಸಕ್ಕ ತಂದಿದ್ದ ನನ್ನ ರೀಲು," ಎಂದಳು. ಆ ರೀಲು ಕಳೆದಿದೆಯೆಂದು ಆಕೆ ವಾರಗಟ್ಟಲೆ ಮನೆಯೆಲ್ಲ ಹುಡುಕಿದ್ದಳು, ನಾನೂ ಆಕೆಯ ಜೊತೆ ಮಂಚದ ಕೆಳಗೆ ಬಗ್ಗಿ ಹುಡುಕಿದ್ದೆ. ಅಷ್ಟರಲ್ಲಿ ಕಲ್ಲಪ್ಪ ಮತ್ತೊಂದು ಮಾತು ಹೇಳಿದ: "ಮುಳ್ಳಿಗೂ ಇಕ್ಕಳ ಹಚ್ಯಾರ್ರಿ. ಬಾಗಸ್ಯಾರ."

ಮಾನ್ಯರೇ, ಇಲ್ಲಿಯವರೆಗೆ ತಮ್ಮ ತಪ್ಪುಗಳನ್ನು ಬರೆದೆ. ಈಗ ನಡುವೆ ಒಂದು ಸಣ್ಣ ಸಂಗತಿ ಬಿಟ್ಟುಹೋಗಿದೆ, ಅದನ್ನೂ ಬರೆಯಬೇಕು. ವೈಶಾಖದಲ್ಲಿ, ಕಾಶೆವ್ವ ಬಾವಿಗೆ ಹೋದಾಗ, ಈ ಮೀಟರನ್ನು ಬಿಚ್ಚಿದವನು ನಾನೇ. ಮೂವತ್ತೈದರಲ್ಲಿ ಹೋದರೂ ಇಪ್ಪತ್ತೈದನ್ನು ತೋರಿಸುವಷ್ಟು ಮುಳ್ಳನ್ನು ಹಿಂದಕ್ಕೆ ಬಾಗಿಸಿದವನೂ ನಾನೇ. ಬಿಚ್ಚುವಾಗ ರಬ್ಬರಿನ ಬಳೆ ಹರಿಯಿತು. ಹೊಲಿಗೆ ಮಷಿನ್ ರಿಪೇರಿಯವನ ಬುದ್ಧಿಗೆ ದಾರ ಬಿಟ್ಟರೆ ಬೇರೇನು ತೋಚಬೇಕು, ಕೈಗೆ ಸಿಕ್ಕ ರೀಲಿನಿಂದ ಬಿಗಿಯಾಗಿ ಹದಿನೆಂಟು ಸುತ್ತು ಸುತ್ತಿ ಮುಚ್ಚಿದೆ, ಕೆಲಸ ಚೆನ್ನಾಗಿ ಆಯಿತೆಂದು ಹೆಮ್ಮೆಯನ್ನೂ ಪಟ್ಟೆ. ಗಾಡಿ ನಿಂತಾಗ ಬಾಗಿದ ಮುಳ್ಳು ಸೊನ್ನೆಗಿಂತಲೂ ಕೆಳಗೆ ಬಿದ್ದಿರುತ್ತಿತ್ತು. ಇದ್ಯಾಕೆ ಹೀಗೆ ಎಂದು ಕಾಶೆವ್ವ ಕೇಳಿದಾಗ, "ದಣದೈತಿ, ಒರಗೇತಿ," ಎಂದೆ. ಆಕೆ ನಂಬಿದಳು. ಒಂದು ತಿಂಗಳು ನಾನು ಮೂವತ್ತೈದರಲ್ಲಿ ಹೊಡೆದೆ; ಆಕೆ ನನ್ನ ಹಿಂದೆ ಇಪ್ಪತ್ತೈದನ್ನು ನೋಡುತ್ತ, ನನ್ನ ಹೆಗಲ ಮೇಲೆ ಸುಮ್ಮನೆ ಕೈಯಿಟ್ಟು, ಹಾಡು ಗುನುಗುತ್ತ ಕೂತಿದ್ದಳು. ಹತ್ತರಗಿಯ ತಿರುವಿನಲ್ಲೂ ಹಾಗೆಯೇ ಕೂತಿದ್ದಳು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಹೇಸಿಕೆಯಾಗುತ್ತಿದೆ.

ಕಲ್ಲಪ್ಪನ ಅಂಗಡಿಯಲ್ಲಿ ಆಕೆ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಾರವನ್ನು ಸುತ್ತಿ ಕಲ್ಲಪ್ಪನ ಮೇಜಿನ ಮೇಲಿಟ್ಟು, "ಆ ಡ್ರೈವರ ತನ್ನ ಬಾಯಿಲೆ ಸುಳ್ಳ ಹೇಳಿದ್ದ. ನೀವು ಮುಳ್ಳಿನ ಕಡಿಂದ ಹೇಳಿಸಿದ್ರಿ," ಎಂದು ನನಗೆ ಹೇಳಿ, ಸ್ಟ್ಯಾಂಡಿಗೆ ಹೋಗಿ, ತನ್ನ ತಂದೆಯ ಮೋಟಾರ್ ಹತ್ತಿ ಹೊರಟುಹೋದಳು.

ಅಂದಿನಿಂದ ನನ್ನ ಬಾಳು ತಮಗೆ ಗೊತ್ತೇ ಇದೆ. ಹುಕ್ಕೇರಿಯ ಸುಂದ್ರವ್ವನ ಮನೆಗೆ ಮಷಿನ್ ನೋಡಲು ಹೋದರೆ ಆಕೆ ಹೊಸ್ತಿಲಲ್ಲೇ ನಿಂತು, "ಕಾಶೆವ್ವನ್ನ ಕರಕೊಂಡು ಬರ್ರಿ. ನೀವೊಬ್ಬರ ಬಂದ್ರ ಮಷಿನ್ ಏನೂ ಕೆಟ್ಟಿಲ್ಲ," ಎಂದಳು. ಮೂಡಲಗಿಯಲ್ಲಿ ನೀರು ಕೊಟ್ಟರು, ಚಹ ಕೊಡಲಿಲ್ಲ. ಹದಿನೆಂಟನೆಯ ದಿನ ಮಾವನವರ ಮೋಟಾರಿನ ಕಂಡಕ್ಟರ್ ಯಮಕನಮರಡಿಯಿಂದ ಕಾಶೆವ್ವನ ಮಾತು ತಂದ: "ತಪ್ಪು ಯಾರದು ಅನ್ನೂದನ್ನ ಮೂರೂರ ಮಂದಿ ಓದೂ ಹಂಗ ಬರದ ಹಚ್ಚಲಿ. ಹಚ್ಚೂಕಿಂತ ಮೊದಲ ನಾ ಓದಿಸಿ ಕೇಳತೇನಿ. ಬರೂದು ಬಿಡೂದು ಆಮ್ಯಾಲ." ಅಪ್ಪಣೆ ಯಾರದೆಂದು ಈಗ ತಿಳಿಯಿತಷ್ಟೆ. ನಾನೂ ಜಾಣ, ಯಾರ ತಪ್ಪೆಂದು ಬರೆದರಾಯಿತಲ್ಲ, ತಮ್ಮ ಹೆಸರು ಬರೆಯೋಣ, ತಾವು ತಿರುಗಿ ಮಾತಾಡುವವರಲ್ಲ ಎಂದು ಹುರುಪಿನಿಂದ ದೌತಿ ತೆಗೆದು ಕೂತೆ. ನಾಲ್ಕು ದಿನ ಬರೆದು ಇಲ್ಲಿಗೆ ಬಂದು ನೋಡಿದರೆ, ಕರೆದವನು ನಾನು, ದಾರಿ ಮಾಡಿದವನು ನಾನು, ಬಂದು ಕೂತದ್ದಷ್ಟೇ ತಮ್ಮ ಅಪರಾಧ. ತಪ್ಪು ನನ್ನದು. ಮೂರೂರ ಮಂದಿ ಓದಲಿ.

ಆದರೂ ಬರೆದ ಮೇಲೆ ಬೇಡಿಕೆಯಿಲ್ಲದೆ ಮುಗಿಸುವುದು ತಕರಾರು ಅರ್ಜಿಗೆ ಶೋಭೆಯಲ್ಲ. ಕಲ್ಲಪ್ಪ ಸೈಕಲ್ ಟ್ಯೂಬಿನಿಂದ ಹೊಸ ಬಳೆ ಕತ್ತರಿಸಿ ಇಟ್ಟಿದ್ದಾನೆ, ಮುಳ್ಳನ್ನೂ ನೆಟ್ಟಗೆ ಮಾಡಿದ್ದಾನೆ, ಆದರೆ "ಅಕ್ಕಾರು ಬಂದು ಕಣ್ಣಾರೆ ನೋಡೂತನಾ ಮುಚ್ಚೂದಿಲ್ರಿ," ಎಂದು ಹಟ ಹಿಡಿದು, ಗಾಜನ್ನು ಸಡಿಲಾಗಿಯೇ ಕೂರಿಸಿ ಮೀಟರನ್ನು ಗಾಡಿಗೆ ಹಾಕಿ ಕೊಟ್ಟಿರುವುದರಿಂದ ತಮಗೆ ಇನ್ನೂ ಹೋಗಿಬರುವ ಸ್ವಾತಂತ್ರ್ಯವಿದೆ. ಅಷ್ಟರೊಳಗೆ ತಾವು ದಯಮಾಡಿ ಒಂದು ಸಲ ಯಮಕನಮರಡಿಗೆ ಹೋಗಿ, ಮಾವನವರ ಚಹದ ಬಸಿಯ ಮೇಲೆ ಆವಿಯಾಗಿ ಎದ್ದು ನಿಂತು, ಶೆಟ್ಟೆಪ್ಪ ಈ ಇಪ್ಪತ್ತೆರಡು ದಿನ ಒಬ್ಬನೇ ಇದ್ದಾಗಲೂ ಇಪ್ಪತ್ತೈದು ದಾಟಿಲ್ಲವೆಂದು ಸಾಕ್ಷಿ ನುಡಿಯಬೇಕು. ಅದು ಖರೆ, ಆದರೆ ನಾನು ಹೇಳಿದರೆ ನಂಬುವವರಿಲ್ಲ. ನಾನು ಇನ್ನೊಮ್ಮೆ ಆ ಮುಳ್ಳಿನ ಹತ್ತಿರ ಇಕ್ಕಳ ಒಯ್ದರೆ ಮೀಟರನ್ನು ಬಿಟ್ಟು ನನ್ನ ಚಾಳೀಸಿನ ಗಾಜಿನ ಮೇಲೆ ಬಂದು ಕೂಡಬೇಕು, ಮಷಿನ್ನಿನ ಸೂಜಿ ಯಾವುದು ಬೆರಳು ಯಾವುದು ಎಂದು ಕಾಣದ ಹಾಗೆ ಮಾಡಬೇಕು. ಇಷ್ಟು ನಡೆಸಿಕೊಟ್ಟರೆ ತಮ್ಮ ಮೇಲಿನ ತಕರಾರನ್ನೆಲ್ಲ ನಾನು ವಾಪಸು ತೆಗೆದುಕೊಳ್ಳುತ್ತೇನೆ.

ತಮ್ಮನ್ನು ಗಿಣಿಹಸಿರು ದಾರ ಹಿಡಿಸಿ ಒಳಗೆ ಕರೆದುಕೊಂಡು ಹೋಗಿ, ಆಮೇಲೆ ತಮ್ಮ ಮೇಲೆಯೇ ಅರ್ಜಿ ಬರೆದ,

ತಮ್ಮ ವಿಶ್ವಾಸಿ,
ಶೆಟ್ಟೆಪ್ಪ
ಹೊಲಿಗೆ ಮಷಿನ್ ರಿಪೇರಿ, ಗೋಕಾಕ ಪೇಟೆ

ವಿ. ಸೂ.: ಪತ್ರವನ್ನು ಗೋಡೆಗೆ ಹಚ್ಚುವ ಮೊದಲು ಕಂಡಕ್ಟರನ ಕೈಯಲ್ಲಿ ಯಮಕನಮರಡಿಗೆ ಕಳಿಸಿದ್ದೆ. ರಾಜಪ್ಪ ಓದಿದನಂತೆ, ಕಾಶೆವ್ವ ಎರಡು ಸಲ ಓದಿಸಿ ಕೇಳಿದಳಂತೆ. ಇಂದು ಉತ್ತರ ಬಂದಿದೆ: ಸೋಮವಾರ ಬರುತ್ತಾಳೆ, ಫಟಫಟಿ ತಗೊಂಡು ಬರಲು ನನಗೆ ಹೇಳಿದ್ದಾಳೆ. ಖುಷಿಗೆ ನಾನು ಕಂಡಕ್ಟರನನ್ನು ಅಪ್ಪಿಕೊಂಡೆ. ಆಮೇಲೆ ಅವನು ಉಳಿದರ್ಧ ಹೇಳಿದ: "ಇನ್ನ ಮ್ಯಾಲೆ ನಾ ಮುಂದ ಕೂತು ಹೊಡೀತೇನಿ, ಅವರು ಹಿಂದ ಕೂಡಲಿ." ತಂದೆಯ ಮೋಟಾರನ್ನು ಆಕೆ ಮದುವೆಗೆ ಮೊದಲೇ ನಡೆಸಲು ಕಲಿತಿದ್ದಳೆಂದು ಇಂದೇ ನನಗೆ ಗೊತ್ತಾದದ್ದು. ಪತ್ರದ ಅಂಚಿನಲ್ಲಿ ರಾಜಪ್ಪ ತನ್ನ ಕೈಯಿಂದ ಒಂದು ಸಾಲು ಬರೆದಿದ್ದಾನೆ: "ತಾ ಹೊಡಿಯಾಕ ಕೂತ್ರ ನಮ್ಮ ತಂಗಿಗೆ ಮೀಟರ ನೋಡೂ ಚಾಳಿ ಇಲ್ಲ, ಹುಷಾರಿ ಇರ್ರಿ." ಆದ್ದರಿಂದ ಮಾನ್ಯರೇ, ಮೇಲಿನ ಬೇಡಿಕೆಗಳೆಲ್ಲ ರದ್ದು, ಸಾಕ್ಷಿಯೂ ಬೇಡ, ಏನೂ ಬೇಡ, ತಮ್ಮ ಕಾಲಿಗೆ ಬೀಳುತ್ತೇನೆ, ಸೋಮವಾರದೊಳಗೆ ಆ ಗಾಜು ಬಿಟ್ಟು ಹೊರಡಿ. ಇನ್ನು ಹಿಂದೆ ಕೂಡುವವನು ನಾನು, ಮುಳ್ಳು ನನಗೆ ಕಾಣಲೇಬೇಕು.